ತೆಳ್ಳಗೆ ಮೂರು ಸಲ

ಫೆಬ್ರವರಿ 11

ಚಿಕ್ಕಮ್ಮನವರಿಗೆ,

ಕಾಗದ ನೋಡಿ ಗಾಬರಿಯಾಗಬೇಡಿ, ಕೆಟ್ಟ ಸುದ್ದಿಯೇನೂ ಇಲ್ಲ. ಆರು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆದಿದ್ದಾಳೆಂದರೆ ಏನೋ ಬೇಕಾಗಿರಬೇಕು ಅಂದುಕೊಳ್ಳುತ್ತೀರಿ. ಹೌದು, ಬೇಕಾಗಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ನನ್ನ ಬಾಯಿ ನನ್ನ ಮಾತನ್ನೇ ಕೇಳುವುದಿಲ್ಲ. ಅದು ನಿಮಗೂ ಗೊತ್ತು.

ನಾನೀಗ ರೈಲು ಡಬ್ಬಿ ರಿಪೇರಿ ಮಾಡುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ನೂರ ನಲವತ್ತು ಜನಕ್ಕೆ ಮಧ್ಯಾಹ್ನದ ಊಟ. ನಮ್ಮ ಹಿರಿಯ ಅಡುಗೆಯವರನ್ನು ಎಲ್ಲರೂ ಉಪ್ಪಣ್ಣ ಅನ್ನುತ್ತಾರೆ. ಎದುರಿಗೆ ಯಾರೇ ಸಿಕ್ಕರೂ ಅವರ ಮೊದಲ ಮಾತು, "ಉಪ್ಪು ನೋಡಿದ್ಯಾ?" ಅವರು ಏಪ್ರಿಲ್‌ನಲ್ಲಿ ಕೆಲಸ ಬಿಡುತ್ತಿದ್ದಾರೆ. ಅದಕ್ಕೆ ಮುಂಚೆ, ಮಾರ್ಚ್ ತಿಂಗಳ ಕೊನೆಯ ಶುಕ್ರವಾರ, ಇಡೀ ಊಟ ನನ್ನೊಬ್ಬಳ ಕೈಯಲ್ಲಿ. "ತಟ್ಟೆಗಳು ಖಾಲಿಯಾಗಿ ವಾಪಸ್ ಬಂದ್ರೆ ಸೌಟು ನಿಂದು. ಇಲ್ಲಾಂದ್ರೆ ಹೊರಗಿಂದ ಯಾರನ್ನಾದ್ರೂ ಕರೆಸ್ತಾರೆ, ನನ್ನ ಬೈಬೇಡ" ಅಂದರು.

ಏನು ಮಾಡುತ್ತೀಯ ಎಂದು ಕೇಳಿದಾಗ ಯೋಚನೆಯೇ ಮಾಡದೆ ಹೇಳಿಬಿಟ್ಟೆ: ಅಮ್ಮನ ಪೋರ್ಕ್ ಚಾಪ್ಸ್. ಪ್ಲಮ್ ಹಣ್ಣಿನ ಲೇಪದ್ದು. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಸಾಸಿವೆ ಮೂಗಿಗೆ ಹೊಡೆಯುತ್ತಿತ್ತಲ್ಲ, ಅದು. ಹೇಳಿದ್ದೇನೋ ಆಯಿತು, ಮಾಡಲು ಬರುತ್ತಿಲ್ಲ. ರೂಮಿನಲ್ಲಿ ಮೂರು ಸಲ ಮಾಡಿದೆ. ಮೂರೂ ಸಲ ನಾಯಿಗೆ ಹಬ್ಬ.

ಅಮ್ಮನ ಅಡುಗೆ ಪುಸ್ತಕದಲ್ಲಿ ಅದರ ವಿವರ ಇತ್ತು, ಹೊಸ ರಟ್ಟು ಹಾಕುವಾಗ ಆ ಹಾಳೆ ನಿಮ್ಮ ಕೈಯಲ್ಲಿ ಕಳೆದುಹೋಯಿತು, ಆದರೆ ನಿಮಗೆ ಬಾಯಿಪಾಠವಾಗಿದೆ ಎಂದು ಹೇಳುತ್ತಿದ್ದಿರಿ. ಅದನ್ನು ಬರೆದು ಕಳಿಸಿ. ಜೊತೆಗೆ ಪುಸ್ತಕವನ್ನೂ ಕಳಿಸಿ. ಅದು ನನ್ನ ಅಮ್ಮನದ್ದು, ನನ್ನ ಹತ್ತಿರ ಇರಬೇಕು.

ನಾನು ಐದು ವರ್ಷದವಳಿದ್ದಾಗ ತೀರಿಹೋದ ಅಮ್ಮ. ಅವಳ ಮುಖ ಫೋಟೋದಲ್ಲಿದೆ, ದನಿ ನೆನಪಿಲ್ಲ. ನನ್ನ ಹತ್ತಿರ ಉಳಿದಿರುವುದು ಆ ರುಚಿಯೊಂದೇ. ಅದೂ ಕೈತಪ್ಪಿ ಹೋದರೆ ಏನು ಮಾಡಲಿ ಹೇಳಿ.

ಅಪ್ಪನ ಮಂಡಿನೋವು ಹೇಗಿದೆ?

ಇಂತಿ,
ನಿಮ್ಮ ಮನೆಯ ಹುಡುಗಿ

*

ಫೆಬ್ರವರಿ 19
(ಮೇಲಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ: ಕಳಿಸಿಲ್ಲ)

ಚೂಟಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ನಿಮ್ಮಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದಾರೆ. ನನ್ನನ್ನು ಕಂಡಾಗಲೆಲ್ಲ "ಬರೆದ್ಯಾ? ಬರೆದ್ಯಾ?" ಎಂದು ಜೀವ ತಿನ್ನುತ್ತಾರೆ.

ನಿಜ ಬರೆಯುತ್ತೇನೆ. ಕಳಿಸುವ ಧೈರ್ಯ ಇದೆಯೋ ಇಲ್ಲವೋ ಆಮೇಲೆ ನೋಡೋಣ.

ಆ ಚಾಪ್ಸ್ ನಿಮ್ಮಮ್ಮನದ್ದಲ್ಲ ಕಣೆ. ನನ್ನದು.

ನಾನು ಈ ಮನೆಗೆ ಬಂದಾಗ ನಿನಗೆ ಏಳು ವರ್ಷ. ಪ್ರೆಸ್ಸಿನಲ್ಲಿ ನಿಮ್ಮಪ್ಪ ಮಷೀನ್ ನಡೆಸುತ್ತಿದ್ದರು, ನಾನು ಪುಸ್ತಕ ಹೊಲಿದು ಬೈಂಡ್ ಮಾಡುತ್ತಿದ್ದೆ. ರಟ್ಟು, ದಾರ, ಅಂಟು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. ನೀನು ನನ್ನ ಕೈಯಡುಗೆ ಮುಟ್ಟುತ್ತಿರಲಿಲ್ಲ. ಎರಡು ತಿಂಗಳು ಬ್ರೆಡ್ಡು, ಜಾಮ್. ತಟ್ಟೆ ಇಟ್ಟರೆ ತಳ್ಳುತ್ತಿದ್ದೆ, "ಅಮ್ಮ ಮಾಡಿದ್ದೇ ಬೇಕು" ಅನ್ನುತ್ತಿದ್ದೆ. ಏನು ಬೇಕು ಎಂದರೆ ನಿನಗೂ ಗೊತ್ತಿಲ್ಲ. ನಿನ್ನ ಕೆನ್ನೆ ಒಳಗೆ ಹೋಗಿತ್ತು. ನನಗೆ ಹೆದರಿಕೆಯಾಗುತ್ತಿತ್ತು.

ಕೊನೆಗೆ ನಿಮ್ಮಮ್ಮನ ಪುಸ್ತಕ ಬಿಚ್ಚಿ ಕೂತೆ. ಅದರಲ್ಲಿ ಓದಿದ ಒಂದು ಮಾತು ಹಿಡಿದುಕೊಂಡು, ನನಗೆ ತೋಚಿದಂತೆ ಆ ಚಾಪ್ಸ್ ಮಾಡಿದೆ. "ನಿಮ್ಮಮ್ಮನ ಪುಸ್ತಕ ನೋಡಿ ಮಾಡಿದ್ದು" ಎಂದೆ. ನೀನು ಎರಡು ಚಾಪ್ ತಿಂದು, ಮೂಳೆ ಚೀಪಿ, "ಹೌದು, ಅಮ್ಮ ಹೀಗೇ ಮಾಡ್ತಿದ್ಲು" ಎಂದೆ. ನಿಮ್ಮಪ್ಪ ಬಾಯಿ ತೆರೆಯುವ ಮೊದಲೇ ಅವರ ಕಾಲು ತುಳಿದೆ.

ಓದು ಚೆನ್ನಾಗಿ ಬಂದಮೇಲೆ ನೀನು ಪುಸ್ತಕ ಕೇಳತೊಡಗಿದೆ. ಅದರಲ್ಲಿ ಒಂದು ಪುಟ ಓದಿದ್ದರೆ ನಿನಗೆ ಗೊತ್ತಾಗಿಬಿಡುತ್ತಿತ್ತು, ನಿಮ್ಮಮ್ಮ ಅಂಥದ್ದನ್ನು ಮಾಡಿದವಳೇ ಅಲ್ಲ ಎಂದು. ಅದಕ್ಕೆ ಆ ಪುಟವನ್ನು ಪಕ್ಕದ ಪುಟಕ್ಕೆ ಅಂಟಿಸಿ, ಚಾಪ್ಸ್ ಹಾಳೆ ಕಳೆದುಹೋಯಿತು ಎಂದೆ. ಕೈಗೆ ಬಂದ ಒಂದು ಹಾಳೆಯನ್ನೂ ಕಳೆದವಳಲ್ಲ ನಾನು, ಆ ಹೆಸರನ್ನೂ ಕೆಡಿಸಿಕೊಂಡೆ.

ನಿಮ್ಮಪ್ಪನ ರಿಟೈರ್ಮೆಂಟ್ ಊಟದ ದಿನ ಪ್ರೆಸ್ಸಿನವರೆಲ್ಲ ಚಾಪ್ಸ್ ತಿಂದು ನನ್ನನ್ನು ಹೊಗಳಿದರು. ನಾನು ಸುಮ್ಮನೆ ನಗುತ್ತಾ ನಿಂತಿದ್ದೆ. ನೀನು ಎಲ್ಲರೆದುರು ಎದ್ದು ನಿಂತು, "ಹಾಳೆ ಕಳೆದಿದ್ದೂ ಅಲ್ದೆ, ನನ್ನ ಅಮ್ಮನ ಅಡುಗೇನ ಕದ್ದು ಮೆರೀತೀಯಲ್ಲ, ನಾಚಿಕೆ ಆಗಲ್ವಾ?" ಎಂದೆ. ನಾನು "ಹೌದು, ಅವಳದ್ದೇ" ಎಂದೆ. ನೀನು ಬ್ಯಾಗು ತುಂಬಿಕೊಂಡು ಹೊರಟೆ.

ಈಗ ನಿಜ ಹೇಳಿದರೆ ನಿನ್ನ ಹತ್ತಿರ ಉಳಿದಿರುವ ಅಮ್ಮನನ್ನೂ ನಾನೇ ಕಿತ್ತುಕೊಂಡಂತೆ. ಹೇಗೆ ಹೇಳಲಿ?

ಇಲ್ಲ. ಇದು ಬೇಡ.

ಚಿಕ್ಕಮ್ಮ

*

ಫೆಬ್ರವರಿ 20

ಚೂಟಿ,

ಕಾಗದ ತಲುಪಿತು. ಸೌಟು ನಿನ್ನ ಕೈಗೆ ಬರುವ ಸುದ್ದಿ ಕೇಳಿ ನಿಮ್ಮಪ್ಪ ಬೀದಿಯ ಕೊನೆಯ ಕ್ಷೌರದಂಗಡಿಯವರೆಗೂ ಹೋಗಿ ಹೇಳಿ ಬಂದರು. ಮಂಡಿನೋವು ಎಲ್ಲಿ ಹೋಯಿತೋ.

ಬರೆದುಕೋ. ಮೂಳೆ ಸಮೇತದ ಚಾಪ್ಸ್, ಹೆಬ್ಬೆರಳಿನ ದಪ್ಪ. ಅಂಚಿನ ಕೊಬ್ಬಿಗೆ ಎರಡು ಕಡೆ ಚಾಕುವಿನಿಂದ ಗೀರು ಹಾಕು, ಇಲ್ಲದಿದ್ದರೆ ಬಾಣಲೆಯಲ್ಲಿ ಮುದುಡಿಕೊಳ್ಳುತ್ತದೆ. ಅರ್ಧ ಗಂಟೆ ಮುಂಚೆ ಉಪ್ಪು ಸವರಿಡು. ಬಟ್ಟೆಯಿಂದ ಒತ್ತಿ ತೇವ ತೆಗೆ. ಕಾದ ಬಾಣಲೆಯಲ್ಲಿ ಒಂದೊಂದು ಮಗ್ಗುಲು ನಾಲ್ಕು ನಿಮಿಷ.

ಲೇಪಕ್ಕೆ: ಬೀಜ ತೆಗೆದ ಪ್ಲಮ್, ಹಣ್ಣಿನ ಕಾಲವಲ್ಲದಿದ್ದರೆ ಪ್ಲಮ್ ಜಾಮ್. ಅದು ಮುಳುಗುವಷ್ಟಲ್ಲ, ನೆನೆಯುವಷ್ಟು ವಿನೆಗರ್. ಅರೆದ ಸಾಸಿವೆ ಒಂದು ಚಮಚ, ಜಜ್ಜಿದ ಬೆಳ್ಳುಳ್ಳಿ, ಕರಿಮೆಣಸು, ಉಪ್ಪು. ಸಣ್ಣ ಉರಿಯಲ್ಲಿ ಕುದಿಸು. ಚಮಚದ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಆಗ ಚಾಪ್ಸ್ ಮೇಲೆ ಹಾಕು.

ಪುಸ್ತಕ ಇದರ ಜೊತೆಗಿದೆ. ಬೆನ್ನಿಗೆ ಹೊಸ ಬಟ್ಟೆ ಹಾಕಿದ್ದೇನೆ. ಜೋಪಾನ.

ನನ್ನನ್ನು "ನೀವು" ಎಂದು ಬರೆದಿದ್ದೀಯ. ಪರವಾಗಿಲ್ಲ. ಬರೆದೆಯಲ್ಲ, ಅಷ್ಟೇ ಸಾಕು.

ಇಂತಿ,
ಚಿಕ್ಕಮ್ಮ

*

ಮಾರ್ಚ್ 3

ಚಿಕ್ಕಮ್ಮನವರಿಗೆ,

ಪುಸ್ತಕ ಸಿಕ್ಕಿತು. ಕ್ಯಾಂಟೀನಿನಲ್ಲಿ, ನೀರು ಕಾಯುವ ದೊಡ್ಡ ಹಂಡೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. ಅಲ್ಲಿಟ್ಟರೆ ಇಡೀ ದಿನ ಕಣ್ಣೆದುರಿಗೆ ಇರುತ್ತದೆ. ಕಾಗದ ಮುಖಕ್ಕೆ ಹಿಡಿದು ಮೂಸಿ ನೋಡಿದೆ. ಅಮ್ಮನ ವಾಸನೆ ಏನೂ ಬರಲಿಲ್ಲ, ನಿಮ್ಮ ಅಂಟಿನ ವಾಸನೆ ಬಂತು.

ನೀವು ಬರೆದಂತೆ ಅಕ್ಷರ ಬಿಡದೆ ಮಾಡಿದೆ. ಮಾಂಸ ಚೆನ್ನಾಗಿ ಬೆಂದಿತು. ಪಾಕದ ರುಚಿಯೂ ಸರಿ, ಚಮಚದಲ್ಲಿ ನೆಕ್ಕಿದಾಗ ಕಣ್ಣಲ್ಲಿ ನೀರೇ ಬಂತು, ಅದೇ ರುಚಿ! ಆದರೆ ಚಾಪ್ಸ್ ಮೇಲೆ ಹಾಕಿದ್ದೇ ತಡ, ಎಲ್ಲ ಜಾರಿ ಬಾಣಲೆಗಿಳಿದು ಚುರ್ ಎಂದು ಸೀದುಹೋಯಿತು. ಮೇಲೆ ಏನೂ ಇಲ್ಲ, ಕೆಳಗೆ ಇದ್ದಲು. ಉಪ್ಪಣ್ಣ ಮೂಗು ಹಿಡಿದುಕೊಂಡು, "ಇದೇನಮ್ಮಾ, ರೈಲಿನ ಚಕ್ರಕ್ಕೆ ಹಚ್ಚೋದಾ?" ಎಂದರು. ಬಾಣಲೆ ಉಜ್ಜಿ ಉಜ್ಜಿ ಕೈ ಸೋತಿತು.

ನೀವು ಏನೋ ಬಿಟ್ಟಿದ್ದೀರಿ. ಮರೆತು ಬಿಟ್ಟಿರೋ ಬೇಕೆಂದೇ ಬಿಟ್ಟಿರೋ ನನಗೆ ಗೊತ್ತಿಲ್ಲ. ನನ್ನ ಮೇಲಿನ ಸಿಟ್ಟನ್ನು ಅಮ್ಮನ ಅಡುಗೆಯ ಮೇಲೆ ತೀರಿಸಿಕೊಳ್ಳಬೇಡಿ. ಇನ್ನು ಮೂರೇ ವಾರ ಇರುವುದು.

ಇಂತಿ,
ನಿಮ್ಮ ಮನೆಯ ಹುಡುಗಿ

*

ಮಾರ್ಚ್ 8

ಚೂಟಿ,

ನಿನ್ನ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ಇದನ್ನು ಮೊದಲು ಓದಿಕೋ, ಆಮೇಲೆ ಅಡುಗೆ.

ಬಿಟ್ಟದ್ದು ನಿಜ. ಬೇಕೆಂದೇ ಬಿಟ್ಟೆ. ಯಾಕೆ ಎಂದು ಕೇಳಬೇಡ.

ಅದನ್ನು ಸುರಿಯಬಾರದು, ಬ್ರಷ್‌ನಿಂದ ಹಚ್ಚಬೇಕು. ಎರಡು ಬೆರಳಗಲದ ಚಪ್ಪಟೆ ಬ್ರಷ್, ಹೊಸದು. ಚಾಪ್ಸ್ ಎರಡೂ ಕಡೆ ಬೆಂದ ಮೇಲೆ ಉರಿ ಪೂರಾ ತಗ್ಗಿಸು. ಬ್ರಷ್ ಅದ್ದಿ, ಪಾತ್ರೆಯ ಅಂಚಿಗೆ ಒರೆಸಿ, ತೆಳ್ಳಗೆ ಒಂದು ಸಲ ಹಚ್ಚು. ಇಷ್ಟು ಕಡಿಮೆ ಸಾಕಾ ಅನಿಸಬೇಕು, ಅಷ್ಟು ತೆಳ್ಳಗೆ. ಒಂದು ನಿಮಿಷ ಬಿಡು, ಹೊಳಪು ಮಂಕಾಗುತ್ತದೆ, ಅಂದರೆ ಹಿಡಿದುಕೊಂಡಿತು ಎಂದು ಅರ್ಥ. ತಿರುಗಿಸಿ ಆ ಕಡೆಗೂ ಹಾಗೇ. ಮತ್ತೆ ಎರಡನೇ ಸಲ. ಮತ್ತೆ ಮೂರನೇ ಸಲ. ಮೂರನೆಯದು ಮಂಕಾಗುವ ಮುಂಚೆ ಬಾಣಲೆಯಿಂದ ಇಳಿಸು. ಐದು ನಿಮಿಷ ಮುಟ್ಟಬೇಡ.

ಒಂದೇ ಸಲ ದಪ್ಪಗೆ ಹಚ್ಚಿದರೆ ಯಾವುದೂ ನಿಲ್ಲುವುದಿಲ್ಲ, ಜಾರುತ್ತದೆ. ತೆಳ್ಳಗೆ ಮೂರು ಸಲ ಹಚ್ಚಿದ್ದು ಬಿಡುವುದಿಲ್ಲ.

ಪುಸ್ತಕವನ್ನು ಹಂಡೆಯ ಮೇಲಿಟ್ಟಿದ್ದೇನೆ ಎಂದು ಬರೆದಿದ್ದೀಯ. ಸರಿ.

ಇಂತಿ,
ಚಿಕ್ಕಮ್ಮ

ಇದು ಅಪ್ಪ. ಇಲ್ಲಿ ಎಲ್ಲ ಕ್ಷೇಮ. ನನಗೆ ಬಹಳ ಹೇಳುವುದಿದೆ, ಆದರೆ ಬಾಯಿ ಬಿಡುವುದಿಲ್ಲ ಎಂದು ಇವಳಿಗೆ ಮಾತು ಕೊಟ್ಟಿದ್ದೇನೆ. ಕೈಯಲ್ಲಿ ಬರೆಯಬಾರದು ಎಂದು ಇವಳು ಹೇಳಿರಲಿಲ್ಲ, ಅದಕ್ಕೆ ಬರೆಯೋಣ ಎಂದು ಕೂತರೆ ಪೆನ್ನು ಕಿತ್ತುಕೊಳ್ಳು

*

ಮಾರ್ಚ್ 15

ಚಿಕ್ಕಮ್ಮನಿಗೆ,

ಬಂತು! ಕನ್ನಡಿಯಂತೆ ಹೊಳೆಯುವ ಚಾಪ್ಸ್ ಬಂತು. ಉಪ್ಪಣ್ಣ ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದರು. ಎರಡನೆಯದನ್ನೂ ಮುಗಿಸಿ, ಮೂಳೆ ತಟ್ಟೆಗಿಟ್ಟು, ಉಪ್ಪಿನ ಸುದ್ದಿಯನ್ನೇ ಎತ್ತದೆ ಹೊರಟುಹೋದರು. ಹನ್ನೊಂದು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು ಎಂದು ಪಾತ್ರೆ ತೊಳೆಯುವ ಅಕ್ಕ ಹೇಳಿದಳು.

ನಿಮಗೆ ಥ್ಯಾಂಕ್ಸ್ ಹೇಳಬೇಕು. ಹೇಳುತ್ತಿದ್ದೇನೆ.

ಒಂದು ಮಾತು ತಲೆ ತಿನ್ನುತ್ತಿದೆ. ಅಮ್ಮನ ಪುಸ್ತಕ ಎರಡು ಸಲ ಓದಿದೆ. ಎಲ್ಲ ಕಡೆ ಚಮಚ, ಸೌಟು, ಕೈ. ಒಂದು ಕಡೆಯೂ ಬ್ರಷ್ ಇಲ್ಲ. ಅಮ್ಮನ ಹತ್ತಿರ ಎರಡು ಬೆರಳಗಲದ ಬ್ರಷ್ ಎಲ್ಲಿಂದ ಬಂತು?

ಇಂತಿ,
ಮನೆಯ ಹುಡುಗಿ

*

ಮಾರ್ಚ್ 20

ಚೂಟಿ,

ಉಪ್ಪಣ್ಣನವರಿಗೆ ನನ್ನ ನಮಸ್ಕಾರ ಹೇಳು. ಇಲ್ಲಿ ಬಿಸಿಲು ಜೋರಾಗಿದೆ. ಮೆಟ್ಟಿಲಿನ ಕೆಳಗೆ ಬೆಕ್ಕು ಮೂರು ಮರಿ ಹಾಕಿದೆ, ಒಂದು ನಿನ್ನ ಹಾಗೆ, ಮುಟ್ಟಿದರೆ ಪರಚುತ್ತದೆ. ನಿಮ್ಮಪ್ಪ ಹೊಸ ಕನ್ನಡಕ ಮಾಡಿಸಿಕೊಂಡರು, ಅದನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾರೆ. ನೂರ ನಲವತ್ತು ಚಾಪ್ಸ್ ಎಂದರೆ ಬ್ರಷ್ ಒಂದು ಸಾಲದು, ಮೂರು ಇಟ್ಟುಕೋ, ಕೈ ನೋಯುತ್ತದೆ, ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ನಿಲ್ಲು.

ಬ್ರಷ್ ಎಲ್ಲರ ಮನೆಯಲ್ಲೂ ಇರುತ್ತದೆ.

ಇಂತಿ,
ಚಿಕ್ಕಮ್ಮ

*

ಮಾರ್ಚ್ 31

ಚಿಕ್ಕಮ್ಮಾ,

ಶುಕ್ರವಾರ ಆಯಿತು. ಎಲ್ಲ ಹೇಳುತ್ತೇನೆ, ಸಾಲಾಗಿ ಹೇಳುತ್ತೇನೆ, ತಡಿ.

ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದೆ. ಲೇಪ ಕುದಿಯುವಾಗ ಹಲಗೆಯಿಂದ ಅಮ್ಮನ ಪುಸ್ತಕ ಇಳಿಸಿದೆ. ಓದಲು ಅಲ್ಲ, ಸುಮ್ಮನೆ ಒಮ್ಮೆ ಕೈಯಲ್ಲಿ ಹಿಡಿಯೋಣ ಎಂದು. ನಾಲ್ಕು ವಾರ ಹಂಡೆಯ ಹಬೆ ಕುಡಿದು ಹಾಳೆಗಳೆಲ್ಲ ಉಬ್ಬಿದ್ದವು. ನಡುವಿನ ಒಂದು ಹಾಳೆ ಮಾತ್ರ ದಪ್ಪ ಅನಿಸುತ್ತಿತ್ತು, ಮೊದಲೂ ನೋಡಿದ್ದೆ. ಈಗ ಅದರ ಮೂಲೆ ಬಿಟ್ಟುಕೊಂಡು ಎರಡಾಗಿತ್ತು. ಬೆರಳು ಹಾಕಿದೆ. ಹರಿಯದೆ, ಮೆತ್ತಗೆ, ಪೂರ್ತಿ ಬಿಚ್ಚಿಕೊಂಡಿತು.

ಒಳಗೆ ಅಮ್ಮನ ಅಕ್ಷರ. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಬರೆದರೆ ನನಗೆ ಸಮಾಧಾನ:

"ಭಾನುವಾರ. ಮೇಲಿನ ಮನೆಯವರು ಊಟಕ್ಕೆ ಕರೆದಿದ್ದರು. ಹಂದಿ ಮಾಂಸದ ಮೇಲೆ ಹಣ್ಣಿನ ಪಾಕ ಸುರಿದು ತಂದಿಟ್ಟರು. ಥೂ! ಇದು ಊಟವೋ ಮಿಠಾಯಿಯೋ? ನಮ್ಮವರು ಮರ್ಯಾದೆ ಬಿಟ್ಟು ಎರಡು ಸಲ ಹಾಕಿಸಿಕೊಂಡರು. ಚೂಟಿಯಂತೂ ತಟ್ಟೆ ನೆಕ್ಕಿ, ನನ್ನ ತಟ್ಟೆಗೂ ಕೈ ಹಾಕಿತು. ನಾಳೆ ಮಾಡಿಕೊಡು ಎಂದು ಹಟ. ನಾನಂತೂ ಮಾಂಸಕ್ಕೆ ಸಿಹಿ ಹಾಕುವವಳಲ್ಲ. ಬೇಕಿದ್ದರೆ ದೊಡ್ಡವಳಾಗಿ ತಾನೇ ಮಾಡಿಕೊಂಡು ತಿನ್ನಲಿ."

ಚಿಕ್ಕಮ್ಮಾ, ನಾನು ಒಲೆಯ ಮುಂದೆ ಕೂತುಬಿಟ್ಟೆ. ಮೊದಲು ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ಒಟ್ಟಿಗೆ. ಉಪ್ಪಣ್ಣ ಓಡಿಬಂದು, "ಏನಾಯ್ತೇ? ಕೈ ಸುಟ್ಕೊಂಡ್ಯಾ?" ಎಂದರು. "ಇಲ್ಲಣ್ಣ, ನಮ್ಮಮ್ಮ ಬೈತಿದಾಳೆ" ಎಂದೆ. ಪಾಪ, ನೀರು ತಂದು ತಲೆಗೆ ತಟ್ಟಿದರು.

ಅಮ್ಮನ ದನಿ ನೆನಪಿಲ್ಲ ಎಂದು ಬರೆದಿದ್ದೆನಲ್ಲ? ಆ "ಥೂ" ಓದಿದೆ ನೋಡು, ಕೇಳಿಸಿತು. ಇಷ್ಟು ವರ್ಷ ನನ್ನ ಅಮ್ಮ ಫೋಟೋದಲ್ಲಿ ನಗುತ್ತಾ ಕೂತ ಒಳ್ಳೆಯ ಹೆಂಗಸು, ಅಷ್ಟೇ. ಇವಳು ಬೇರೆ. ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯಲ್ಲಿ ಖಾರ. ಥೇಟ್ ನನ್ನ ಹಾಗೆ! ಇದನ್ನು ಓದಿದರೆ ಅಮ್ಮ ನನ್ನ ಕೈಬಿಟ್ಟು ಹೋಗುತ್ತಾಳೆ ಎಂದು ಹೆದರಿ ನೀನು ಅಂಟಿಸಿದೆಯಾ? ಹೋಗಲಿಲ್ಲ ಚಿಕ್ಕಮ್ಮ. ಬಂದಳು.

ಮತ್ತೆ, ನೀನು. ಊಟ ಬಿಟ್ಟ ಮಗು ತಟ್ಟೆ ನೆಕ್ಕಿತ್ತು ಎಂಬ ಒಂದೇ ಮಾತು ಹಿಡಿದು, ಒಂದು ದಿನವೂ ಮಾಂಸ ಬೇಯಿಸದವಳು, ಅಂಟಿನ ಹದ ನೋಡುವ ಹಾಗೆ ಲೇಪದ ಹದ ನೋಡಿ, ಪುಸ್ತಕಕ್ಕೆ ಹಚ್ಚುವ ಹಾಗೆ ತೆಳ್ಳಗೆ ಮೂರು ಸಲ ಹಚ್ಚಿ, ನನಗೆ ಉಣಿಸಿದೆ. ಮಾಡಿದ್ದು ನಾನು ಎಂದು ಒಮ್ಮೆಯೂ ಹೇಳಲಿಲ್ಲ. ಅಂಥವಳನ್ನು ಹನ್ನೆರಡು ಜನರೆದುರು ಕಳ್ಳಿ ಎಂದೆ. ನೀನು "ಹೌದು, ಅವಳದ್ದೇ" ಎಂದೆ. ಹಾಗೆಂದವಳೇ ನೀನು ನನ್ನ ತಟ್ಟೆಗೆ ಇನ್ನೊಂದು ಚಾಪ್ ಬಡಿಸಿದೆ, ನಾನು ನೋಡಿದ್ದೆ. ನೋಡಿಯೂ ಹೊರಟೆ. ಇದನ್ನು ಹೇಗೆ ತೊಳೆದುಕೊಳ್ಳಲಿ? ತಪ್ಪಾಯಿತು. ಹೊಟ್ಟೆಗೆ ಹಾಕಿಕೋ.

ಊಟದ ಸುದ್ದಿ ಹೇಳಲೇ ಇಲ್ಲ. ಮೂರು ಬ್ರಷ್, ಮೂರು ಜನ. "ತೆಳ್ಳಗೆ, ಇನ್ನೂ ತೆಳ್ಳಗೆ" ಎಂದು ಕೂಗಿ ಕೂಗಿ ನನ್ನ ಗಂಟಲು ಹೋಯಿತು. ನೂರ ನಲವತ್ತು ತಟ್ಟೆಯಲ್ಲಿ ವಾಪಸ್ ಬಂದದ್ದು ಬರೀ ಮೂಳೆ. ಬಣ್ಣ ಬಳಿಯುವ ವಿಭಾಗದ ಮುದುಕ ಕಿಟಕಿಗೆ ಬಂದು, "ಯಾರು ಕಲಿಸಿದ್ದಮ್ಮಾ ಇದು?" ಎಂದು ಕೇಳಿದ. ಉಪ್ಪಣ್ಣ ಪಕ್ಕದಲ್ಲೇ ಇದ್ದರು, ಪಾತ್ರೆಯವಳೂ ಇದ್ದಳು, ಸಾಲಿನಲ್ಲಿ ಮೂವತ್ತು ಜನ ಇದ್ದರು.

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನಮ್ಮ ಚಿಕ್ಕಮ್ಮ. ಪುಸ್ತಕ ಬೈಂಡ್ ಮಾಡ್ತಾರೆ. ಇದು ಅವರದ್ದೇ."

ಸೌಟು ನನ್ನ ಕೈಯಲ್ಲಿದೆ. ಮುಂದಿನ ಭಾನುವಾರ ಮನೆಗೆ ಬರಲಾ? ಅಪ್ಪನಿಗೆ ಹೇಳು, ಇನ್ನು ಬಾಯಿ ಬಿಡಬಹುದು.

ಒಂದೇ ಒಂದು ಪ್ರಶ್ನೆ. ಹಬೆಗೆ ಮೈದಾ ಅಂಟು ಬಿಟ್ಟುಕೊಳ್ಳುತ್ತದೆ ಎಂದು ನನಗೆ ಕಲಿಸಿದವಳೇ ನೀನು. ಹಂಡೆಯ ಮೇಲಿಟ್ಟಿದ್ದೇನೆ ಎಂದು ಬರೆದಾಗ "ತೆಗೆ" ಎಂದು ಯಾಕೆ ಹೇಳಲಿಲ್ಲ?

ನಿನ್ನ
ಚೂಟಿ

*

ಏಪ್ರಿಲ್ 5

ಚೂಟಿ,

ನಿನ್ನ ಕಾಗದವನ್ನು ನಿಮ್ಮಪ್ಪ ಗಟ್ಟಿಯಾಗಿ ಓದಿದರು. ಇಪ್ಪತ್ತನಾಲ್ಕು ವರ್ಷ ಕಟ್ಟಿಟ್ಟ ಬಾಯಿ, ಈಗ ನಿಲ್ಲಿಸಲಾಗುತ್ತಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಹಿಡಿದು "ಆ ಚಾಪ್ಸ್ ಇವಳದ್ದು ಕಣ್ರೀ" ಅನ್ನುತ್ತಿದ್ದಾರೆ. ನನಗೆ ತಲೆಯೆತ್ತಿ ಓಡಾಡಲು ನಾಚಿಕೆ. ಆದರೂ, ಸುಳ್ಳು ಯಾಕೆ ಹೇಳಲಿ, ಕೇಳಲು ಚೆನ್ನಾಗಿದೆ.

ತೊಳೆದುಕೊಳ್ಳುವುದೇನೂ ಇಲ್ಲ ಕಣೆ. ಏಳು ವರ್ಷದವಳು ನನ್ನ ಕೈಯಿಂದ ಉಂಡೆಯಲ್ಲ, ಆ ದಿನವೇ ನನಗೆ ಎಲ್ಲ ಸಿಕ್ಕಿಯಾಗಿತ್ತು. ಆಮೇಲಿನದ್ದೆಲ್ಲ ಮೇಲಿಂದ ಬಂದದ್ದು. ನಿಮ್ಮಮ್ಮ ಆ ನಾಲ್ಕು ಸಾಲು ಬರೆದಿಡದಿದ್ದರೆ ನಾನು ಏನು ಮಾಡುತ್ತಿದ್ದೆ ಹೇಳು? ಬೈದೇ ಬರೆದಿರಲಿ, ನನಗೆ ದಾರಿ ತೋರಿಸಿದವಳು ಅವಳು. ಅವಳ ಋಣ ನನ್ನ ಮೇಲಿದೆ.

ಇದರ ಜೊತೆ ಫೆಬ್ರವರಿಯಲ್ಲಿ ಬರೆದು ಕಳಿಸದ ಕಾಗದ ಇದೆ. ಓದಿ ಒಳಗಿಡು. ಮೊದಲ ದಿನದ ಬ್ರಷ್ ಕೂಡ ಇದೆ. ಬಿಸಿನೀರಿನಲ್ಲಿ ತೊಳೆದು, ಕೂದಲು ಕೆಳಮುಖ ಮಾಡಿ ನೇತುಹಾಕು.

ಭಾನುವಾರ ಬಾ. ಇದನ್ನೂ ಕೇಳಬೇಕಾ? ಮಾಂಸ ನೀನು ಬೇಯಿಸು, ಲೇಪ ನಾನು ಹಚ್ಚುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ. ನನ್ನ ಬೈಂಡಿಂಗ್ ಮೇಜಿನ ಮೇಲೆ ಯಾವಾಗಲೂ ಎರಡು ಅಂಟು ಇರುತ್ತಿತ್ತು. ಒಂದು ರಟ್ಟಿಗೆ ಹಾಕುವುದು, ಅದು ನೀರಿಗೂ ಬಗ್ಗುವುದಿಲ್ಲ ಹಬೆಗೂ ಬಗ್ಗುವುದಿಲ್ಲ, ಬಿಡಿಸಲು ಹೋದರೆ ಹಾಳೆಯೇ ಹರಿಯುತ್ತದೆ. ನಿನಗೆ ಒಂಬತ್ತು ವರ್ಷವಿದ್ದಾಗ, ಆ ಪುಟ ಮುಚ್ಚಲು ಕೂತ ದಿನ, ಮೊದಲು ಕೈ ಹಾಕಿದ್ದು ಆ ಡಬ್ಬಿಗೇ. ಮುಚ್ಚಳ ತೆಗೆದೆ. ಮತ್ತೆ ಮುಚ್ಚಿದೆ. ಅದು ನಿಮ್ಮಮ್ಮನ ಅಕ್ಷರ, ಎಂದಾದರೂ ನೀನು ಓದಲೇಬೇಕಾದದ್ದು. ಎದ್ದು ಹೋಗಿ ಮೈದಾ ಕಲಸಿಕೊಂಡು ಬಂದೆ.

ಇಂತಿ,
ನಿನ್ನ ಚಿಕ್ಕಮ್ಮ